ಸಲ್ಯೂಟ್ ಸಾಕ್ರೀ ಸರ



ಇವತ್ತು ಜನವರಿ 14. ಸಂಕ್ರಾಂತಿಯ ಸಡಗರ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತೀವಿ. ಒಳ್ಳೆ ಮಾತು ಅಂದ್ರೆ ಸಿಹಿ ಮಾತೇ ಆಗಬೇಕು ಅಂತೇನಿಲ್ಲ. ಉಪಯೋಗಕ್ಕೆ ಬರೋ ಮಾತೂ ಒಳ್ಳೆ ಮಾತೇ. ಇವತ್ತು ಅಂಥದ್ದೊಂದು ಮಾತು ನಿಮಗೆ ಹೇಳಬೇಕು. ನಿಜ ಹೇಳಬೇಕೂಂದ್ರೆ, ಈ ಮಾತನ್ನ ಕಳೆದ ವರ್ಷವೇ ಹೇಳಬೇಕಿತ್ತು. ಹೇಳಲಿಲ್ಲ. ಆ ತಪ್ಪು ನನ್ನದು.

ಜನವರಿ 14ಕ್ಕೆ ಇನ್ನೊಂದು ಮಹತ್ವವೂ ಇದೆ. 1953ರಲ್ಲಿ ಇದೇ ದಿನ ನಮ್ಮ ಕೊಡಗಿನ ಕೆ.ಎಂ. ಕಾರಿಯಪ್ಪನವರು ಸೇನೆಯಿಂದ ನಿವೃತ್ತರಾದರು. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕ. ಅವರ ನಿವೃತ್ತಿಯ ದಿನವನ್ನೇ ದೇಶ ಈಗ ಮಾಜಿ ಸೈನಿಕರ ದಿನ ಅಂತ ಆಚರಿಸುತ್ತೆ. ಎಲ್ಲ ಊರುಗಳಲ್ಲೂ ಕಾರ್ಯಕ್ರಮ ಇರುತ್ತೆ. ಶಾಲು, ಹಾರ, ಭಾಷಣ, ಆಮೇಲೆ ಊಟ.

ಕಳೆದ ವರ್ಷ ಇದೇ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಇಂಥದ್ದೇ ಕಾರ್ಯಕ್ರಮಕ್ಕೆ ನನ್ನನ್ನ ಕರೆದಿದ್ದರು. ಹೋದೆ. ಸಿಯಾಚಿನ್, ಕಾರ್ಗಿಲ್, ಗಡಿಯ ಚಳಿ, ತಾಯಂದಿರ ಕಣ್ಣೀರು, ಎಲ್ಲಾ ಸೇರಿಸಿ ನಲವತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಕೊನೆಯಲ್ಲಿ ಎದ್ದು ನಿಂತು ಎಲ್ಲ ಮಾಜಿ ಸೈನಿಕರಿಗೆ ಒಂದು ಸಲ್ಯೂಟ್ ಹೊಡೆದು ಕೆಳಗಿಳಿದೆ.

ಕಾರಿನ ಹತ್ತಿರ ಒಬ್ಬರು ಕಾಯ್ತಾ ನಿಂತಿದ್ದರು. ಅರವತ್ತು ದಾಟಿದ ವಯಸ್ಸು. ನೆಟ್ಟಗೆ ನಿಂತ ಮೈ, ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬಾ ಕಾಗದ. ಹವಾಲ್ದಾರ್ ಆಗಿ ನಿವೃತ್ತರಾದವರು. ಹೆಸರು ಬೇಡ, ಊರೂ ಬೇಡ.

"ಸರ, ಭಾಷಣ ಛಲೋ ಮಾಡಿದ್ರಿ. ಆದ್ರ ಸಲ್ಯೂಟ್ ಸಾಕ್ರೀ ಸರ. ಈ ಕಾಗದಾ ಒಮ್ಮೆ ನೋಡ್ರಿ" ಅಂದರು.

ನೋಡಿದೆ. ಆಸ್ಪತ್ರೆ ಬಿಲ್ಲು, ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಮ್ಮರಿ. ಹಣ ವಾಪಸ್ ಬಂದಿಲ್ಲ ಅನ್ನೋ ದೂರು ಇರಬೇಕು ಅಂದುಕೊಂಡೆ. ನಮ್ಮ ಚಾನೆಲ್ ಆಫೀಸಿಗೆ ಅಂಥ ಪತ್ರಗಳು ಬರುತ್ತಲೇ ಇರುತ್ತವೆ. "ಕೊಡಿ, ನಮ್ಮ ಹುಡುಗರಿಗೆ ಹೇಳ್ತೀನಿ" ಅಂದೆ.

ಅವರು ತಲೆ ಅಲ್ಲಾಡಿಸಿದರು. "ರೊಕ್ಕದ ಮಾತಲ್ರೀ ಇದು."

ಹಾಗಾದ್ರೆ ಏನು ಮಾತು? ಅವರು ಹೇಳಿದ್ದನ್ನ ಹಾಗೇ ಹೇಳ್ತೀನಿ, ಕೇಳಿ.

ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಇವರ ಹೆಂಡತಿ ಎದ್ದು ಒಲೆ ಹಚ್ಚೋದಕ್ಕೆ ಹೋಗಿದ್ದಾರೆ. ಕೈಯಿಂದ ಪಾತ್ರೆ ಬಿತ್ತು. ಇವರು ಓಡಿಹೋಗಿ ನೋಡಿದರೆ, "ಬಾಯಿ ಸೊಟ್ಟ ಆಗಿತ್ರೀ, ಬಲಗೈ ಎತ್ತಾಕ ಬರವಲ್ದು, ಮಾತು ತೊದಲಾಕತ್ತಿತ್ತು." ಲಕ್ವಾ. ಹಳ್ಳಿಯಿಂದ ಪಟ್ಟಣಕ್ಕೆ ಐವತ್ತು ಕಿಲೋಮೀಟರ್. ಪಕ್ಕದ ಮನೆಯವರ ಕಾರು ಸಿಕ್ಕಿತು. ಆರೂವರೆಗೆಲ್ಲ ಪಟ್ಟಣದಲ್ಲಿದ್ದರು.

ನಿಲ್ಲಿ. ಇಲ್ಲಿಯವರೆಗೆ ಎಲ್ಲಾ ಸರಿಯಾಗೇ ಇದೆ. ಲಕ್ವಾ ಹೊಡೆದಾಗ, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಅದನ್ನ ಕರಗಿಸೋ ಇಂಜೆಕ್ಷನ್ ಇದೆ. ಆದರೆ ಅದನ್ನ ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಐದಕ್ಕೆ ಲಕ್ವಾ, ಆರೂವರೆಗೆ ಪಟ್ಟಣ. ಕೈಯಲ್ಲಿ ಇನ್ನೂ ಮೂರು ಗಂಟೆ ಇತ್ತು.

ಇವರು ಆಸ್ಪತ್ರೆಗೆ ಹೋಗಲಿಲ್ಲ.

ಎಲ್ಲಿಗೆ ಹೋದರು ಗೊತ್ತಾ? ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ. ಅದಿನ್ನೂ ಬಾಗಿಲು ತೆಗೆದಿರಲಿಲ್ಲ. ಗೇಟಿನ ಮುಂದೆ ಕಾರು ನಿಲ್ಲಿಸಿ, ಹೆಂಡತಿಯ ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು ಕೂತರು. ಯಾಕೆ? "ಚೀಟಿ ಇಲ್ಲದ ದವಾಖಾನಿಗೆ ಹೋದ್ರ ನಡಿಯಂಗಿಲ್ಲ ಅಂತ ತಿಳ್ಕೊಂಡಿದ್ನಿ ಸರ. ಹದಿನೈದು ವರ್ಷದಿಂದ ಪ್ರತಿ ಸಲಾನೂ ಚೀಟಿ ತಗೊಂಡ ಹೋಗೀನಿ. ರೂಲ್ ಅಂದ್ರ ರೂಲ್ ಅಲ್ರೀ?"

ಡಾಕ್ಟರ್ ಬಂದರು. ನೋಡಿದ ತಕ್ಷಣ ಬೈದರು. "ಇಲ್ಲಿಗ್ಯಾಕೆ ಕರಕೊಂಡು ಬಂದ್ರಿ, ಮೊದಲು ಆಸ್ಪತ್ರೆಗೆ ಹೋಗಬೇಕಿತ್ತಲ್ಲ" ಅಂತ. ನಿಂತ ಕಾಲ ಮೇಲೆ ಚೀಟಿ ಬರೆದು ಕಳಿಸಿದರು. ಮೊದಲ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ನೋಡಿ "ಈ ಕಾರ್ಡಿಗೆ ಬೆಡ್ ಖಾಲಿ ಇಲ್ಲ" ಅಂದರು. ಎರಡನೇ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಅಷ್ಟೊತ್ತಿಗೆ ಹನ್ನೊಂದು ಗಂಟೆ. ಇಂಜೆಕ್ಷನ್ನಿನ ಸಮಯ ಮುಗಿದುಹೋಗಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು.

ಆ ಹವಾಲ್ದಾರರು ನನ್ನ ಹತ್ತಿರ ಕೇಳಿದ್ದು ಒಂದೇ. "ಎಮರ್ಜೆನ್ಸಿ ಇದ್ರ ಚೀಟಿ ಬ್ಯಾಡ, ಸೀದಾ ದವಾಖಾನಿಗೆ ಹೋಗ್ರಿ ಅಂತ ಟಿವಿಯೊಳಗ ಒಮ್ಮೆ ಹೇಳ್ರಿ ಸರ. ನನ್ನಂಗ ಇನ್ನೊಬ್ಬಾಂವ ಗೇಟಿನ ಮುಂದ ಕುಂದ್ರಬಾರ್ದು."

ಆಯ್ತು ಹೇಳ್ತೀನಿ ಅಂದೆ. ಬೆಂಗಳೂರಿಗೆ ಬಂದೆ. ಅವತ್ತು ಯಾವುದೋ ರಾಜೀನಾಮೆ, ಮರುದಿನ ಯಾವುದೋ ರೆಸಾರ್ಟು, ಅದರ ಮರುದಿನ ಇನ್ನೊಂದು ಗಲಾಟೆ. ಒಂದು ವರ್ಷ ಕಳೆಯಿತು. ಇವತ್ತು ಹೇಳ್ತಿದ್ದೀನಿ.

ಈಗ ಈ ವ್ಯವಸ್ಥೆ ಏನು ಅಂತ ನೋಡೋಣ. ನಾನೂ ಈ ಒಂದು ವಾರ ಕೂತು ಓದಿದೆ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ ಅನ್ನೋದನ್ನ ಒಪ್ಪಿಕೊಂಡುಬಿಡ್ತೀನಿ.

ಸೇವೆಯಲ್ಲಿರೋ ಸೈನಿಕನಿಗೆ ಸೇನಾ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ. ಗುಂಡು ತಗುಲಿ ಕಾಲು ಹೋದರೆ ಪುಣೆಯ ಕೃತಕ ಅಂಗ ಕೇಂದ್ರ ಇದೆ, 1944ರಿಂದ ನಡೀತಿದೆ. ಬೆನ್ನುಹುರಿ ಮುರಿದರೆ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರ ಇದೆ. ಇದೆಲ್ಲಾ ಚೆನ್ನಾಗಿಯೇ ಇದೆ. ಸೈನಿಕನಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕು ಅಂತ ಅವನು ಯೋಚನೆ ಮಾಡಬೇಕಾಗಿಲ್ಲ. ಯೋಚನೆ ಮಾಡೋದಕ್ಕೆ ಇಡೀ ಒಂದು ವ್ಯವಸ್ಥೆ ಇರುತ್ತೆ.

ನಿವೃತ್ತಿಯಾದ ಮರುದಿನ ಏನಾಗುತ್ತೆ? ಒಬ್ಬ ಸಾಮಾನ್ಯ ಸಿಪಾಯಿ ಮನೆಗೆ ಬರೋದು ಅರವತ್ತು ವರ್ಷಕ್ಕಲ್ಲ. ನಲವತ್ತರ ಆಸುಪಾಸಿನಲ್ಲೇ ಬಂದುಬಿಡ್ತಾನೆ. ಹೀಗೆ ಪ್ರತಿವರ್ಷ ಸುಮಾರು 60 ಸಾವಿರ ಜನ ಸಮವಸ್ತ್ರ ಕಳಚ್ತಾರೆ. ಅವರಲ್ಲಿ ಹೆಚ್ಚಿನವರು ಹೋಗೋದು ಹಳ್ಳಿಗೆ. ಬಿಪಿ, ಶುಗರ್, ಮೊಣಕಾಲು ನೋವು, ಹೃದಯ, ಇವೆಲ್ಲ ಶುರುವಾಗೋದು ಆಮೇಲೆ. ಅಂದರೆ ಸೇನೆಯ ಆಸ್ಪತ್ರೆ ಹತ್ತಿರ ಇದ್ದಾಗ ಕಾಯಿಲೆ ಇರಲಿಲ್ಲ, ಕಾಯಿಲೆ ಬಂದಾಗ ಆಸ್ಪತ್ರೆ ಹತ್ತಿರ ಇಲ್ಲ.

2003ರವರೆಗೆ ಇವರಿಗಾಗಿ ಒಂದು ಸಮಗ್ರ ಯೋಜನೆಯೇ ಇರಲಿಲ್ಲ. ಸೇನಾ ಆಸ್ಪತ್ರೆಯಲ್ಲಿ ಜಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲ ಆದ್ಯತೆ ಸೇವೆಯಲ್ಲಿರೋರಿಗೆ. 2003ರ ಏಪ್ರಿಲ್ 1ರಂದು ಇಸಿಎಚ್ಎಸ್ ಬಂತು. ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. ವಂತಿಗೆ ಅನ್ನೋ ಪದ ಗಮನಿಸಿ. ಇದು ಯಾರೋ ಕೊಟ್ಟ ದಾನವಲ್ಲ. ನಿವೃತ್ತಿಯಾಗುವಾಗ ಸೈನಿಕ ಒಂದು ಸಲ ಹಣ ಕಟ್ಟಿ ಸದಸ್ಯನಾಗ್ತಾನೆ. ಈಗಿನ ಲೆಕ್ಕದಲ್ಲಿ ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಅಧಿಕಾರಿಗಳಿಗೆ 1,20,000. 1996ಕ್ಕೆ ಮೊದಲು ನಿವೃತ್ತರಾದವರಿಗೆ, ಯುದ್ಧದಲ್ಲಿ ಗಂಡನನ್ನ ಕಳಕೊಂಡ ಹೆಣ್ಣುಮಕ್ಕಳಿಗೆ ವಂತಿಗೆ ಇಲ್ಲ.

ಯೋಜನೆ ಕಾಗದದ ಮೇಲೆ ಬಹಳ ಒಳ್ಳೆಯದು. ಇದು ಟೀಕೆಯಲ್ಲ, ನಿಜವಾಗಿಯೂ ಒಳ್ಳೆಯದು. ಚಿಕಿತ್ಸೆಯ ಖರ್ಚಿಗೆ ಇಷ್ಟೇ ಲಕ್ಷ ಅನ್ನೋ ಮಿತಿ ಇಲ್ಲ. ಹೆಂಡತಿ, ಅವಲಂಬಿತ ಮಕ್ಕಳು, ತಂದೆ-ತಾಯಿಗೂ ಸಿಗುತ್ತೆ. ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆ, ಎಲ್ಲಾ ಸೇರಿದೆ. ದೇಶದಲ್ಲಿ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. 50 ಲಕ್ಷಕ್ಕೂ ಹೆಚ್ಚು ಜನ ಇದರ ನೆರಳಲ್ಲಿದ್ದಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ, ಹೀಗೆ ಹಲವು ಕಡೆ ಪಾಲಿಕ್ಲಿನಿಕ್‌ಗಳಿವೆ.

ಕೆಲಸ ಹೇಗೆ ನಡೆಯುತ್ತೆ? ಮೊದಲು ಪಾಲಿಕ್ಲಿನಿಕ್. ಅಲ್ಲಿ ವೈದ್ಯಾಧಿಕಾರಿ ನೋಡ್ತಾರೆ. ತಜ್ಞರು ಬೇಕು ಅಂದರೆ ಚೀಟಿ ಬರೀತಾರೆ, ಅದೇ ರೆಫರಲ್. ಆ ಚೀಟಿ ಹಿಡಿದು ಸೇನಾ ಆಸ್ಪತ್ರೆಗೋ, ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೋ ಹೋಗಬೇಕು. ಅಲ್ಲಿ ನಗದು ಕಟ್ಟೋ ಹಾಗಿಲ್ಲ. ಆಸ್ಪತ್ರೆ ಬಿಲ್ಲನ್ನ ಯೋಜನೆಗೆ ಕಳಿಸುತ್ತೆ, ಸರ್ಕಾರ ಹಣ ಕೊಡುತ್ತೆ.

ಈಗ ಎಣಿಸಿ. ಪಾಲಿಕ್ಲಿನಿಕ್ ಒಂದು ಕೈ. ಸೇನಾ ಆಸ್ಪತ್ರೆ ಇನ್ನೊಂದು ಕೈ. ಖಾಸಗಿ ಆಸ್ಪತ್ರೆ ಮೂರನೆಯದು. ಬಿಲ್ಲು ಪರಿಶೀಲಿಸೋ ಸಂಸ್ಥೆ ನಾಲ್ಕನೆಯದು. ಹಣ ಬಿಡುಗಡೆ ಮಾಡೋ ಇಲಾಖೆ ಐದನೆಯದು. ಐದೂ ಕೈ ಒಟ್ಟಿಗೆ ಸೇರಿದರೆ ಚಪ್ಪಾಳೆ. ಒಂದು ಕೈ ತಡವಾದರೆ? ಆ ತಡವನ್ನ ಹೊರೋನು ಯಾರು? ಕೌಂಟರಿನ ಮುಂದೆ ನಿಂತ ಹವಾಲ್ದಾರ್.

ಖಾಸಗಿ ಆಸ್ಪತ್ರೆಯವರ ಮಾತನ್ನೂ ಹೇಳಬೇಕು. ಒಬ್ಬರಿಗೆ ಬೈದು ಟಿಆರ್‌ಪಿ ತಗೊಳ್ಳೋದು ಸುಲಭ. ಆದರೆ ಅವರಿಗೂ ಒಂದು ಕಷ್ಟ ಇದೆ. ಇಸಿಎಚ್ಎಸ್ ಹಣ ಕೊಡೋದು ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್ಎಸ್ ದರದ ಆಧಾರದಲ್ಲಿ. ಆ ದರ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಪರಿಷ್ಕರಣೆ ಕಾಣದೆ ಬಿದ್ದಿತ್ತು. ಕಳೆದ ಅಕ್ಟೋಬರಿನಲ್ಲಿ, 2025ರಲ್ಲಿ, ಹೊಸ ದರ ಬಂದಿದೆ. ಅಲ್ಲಿಯವರೆಗೆ ಹಳೇ ದರ, ಅದರ ಮೇಲೆ ಬಾಕಿ. ಬಿಲ್ಲು ತಿಂಗಳುಗಟ್ಟಲೆ ಬರದೇ ಹೋದಾಗ ಕೆಲವು ರಾಜ್ಯಗಳಲ್ಲಿ ಆಸ್ಪತ್ರೆಗಳು ನಗದುರಹಿತ ಚಿಕಿತ್ಸೆಯನ್ನೇ ನಿಲ್ಲಿಸ್ತೀವಿ ಅಂತ ಬೋರ್ಡು ಹಾಕಿದ್ದೂ ಸುದ್ದಿಯಾಗಿದೆ. ಸರಿ, ನಿಮಗೆ ಸರ್ಕಾರದಿಂದ ಬಾಕಿ ಇದೆ. ಅದಕ್ಕೆ ಸರ್ಕಾರದ ಜೊತೆ ಜಗಳ ಆಡಿ. "ಬೆಡ್ ಇಲ್ಲ" ಅಂತ ಲಕ್ವಾ ಹೊಡೆದ ಹೆಣ್ಣುಮಗಳ ಮುಂದೆ ಯಾಕೆ ಆಡ್ತೀರಿ? ಒಪ್ಪಂದಕ್ಕೆ ಸಹಿ ಹಾಕಿದವರು ನೀವು. ಬಾಗಿಲಲ್ಲಿ ಬೋರ್ಡು ಹಾಕಿಕೊಂಡವರು ನೀವು.

ಪಾಲಿಕ್ಲಿನಿಕ್ಕಿನ ಡಾಕ್ಟರುಗಳನ್ನೂ ಬೈಯೋಕೆ ಮನಸ್ಸು ಬರೋದಿಲ್ಲ. ಅವರು ಗುತ್ತಿಗೆ ಆಧಾರದ ಮೇಲೆ ಕೆಲಸ ಮಾಡೋರು. ಒಬ್ಬ ಡಾಕ್ಟರ್ ಬಿಟ್ಟುಹೋದರೆ ಇನ್ನೊಬ್ಬರು ಬರೋವರೆಗೆ ಕುರ್ಚಿ ಖಾಲಿ. ಔಷಧಿ ಕೌಂಟರಿನಲ್ಲಿ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅನ್ನೋ ಮಾತು ಹೊಸದೇನಲ್ಲ. 2015ರಲ್ಲೇ ಮಹಾಲೇಖಪಾಲರು ಈ ಯೋಜನೆಯ ಬಗ್ಗೆ ವರದಿ ಕೊಟ್ಟು, ಔಷಧಿ ಕೊರತೆ, ಬಿಲ್ಲಿನ ಗೊಂದಲ ಎರಡನ್ನೂ ತೋರಿಸಿದ್ದರು. ವರದಿ ಬಂದು ಹತ್ತು ವರ್ಷ ದಾಟಿತು. ಐವತ್ತು ಕಿಲೋಮೀಟರ್ ದೂರದಿಂದ ಬಸ್ಸು ಹತ್ತಿ ಬಂದ ಎಪ್ಪತ್ತು ವರ್ಷದ ಮುದುಕನಿಗೆ "ಮುಂದಿನ ವಾರ" ಅಂದರೆ ಏನರ್ಥ? ಎರಡು ಸಲ ಬಸ್ ಚಾರ್ಜು, ಎರಡು ದಿನದ ಊಟ, ಜೊತೆಗೆ ಬರೋ ಮಗನ ಎರಡು ದಿನದ ಕೂಲಿ. ಕೊನೆಗೆ ಅವನು ಊರಿನ ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟೇ ಮಾತ್ರೆ ತಗೋತಾನೆ. ಉಚಿತ ಔಷಧಿ ಕಾಗದದಲ್ಲಿ ಉಳೀತು.

ಇದರ ಜೊತೆಗೆ ಇನ್ನೊಂದು ವ್ಯವಸ್ಥೆ ಬಂದು ಪಕ್ಕದಲ್ಲಿ ನಿಂತಿದೆ. ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಬಡವ-ಶ್ರೀಮಂತ ನೋಡದೆ, ಆಯುಷ್ಮಾನ್ ಅಂತ ಘೋಷಿಸಿತು. ಒಳ್ಳೇದು. ಆದರೆ ಅದರಲ್ಲಿ ಒಂದು ಷರತ್ತಿದೆ. ಇಸಿಎಚ್ಎಸ್ ಇರೋರು ಎರಡರಲ್ಲಿ ಒಂದನ್ನ ಆರಿಸಿಕೊಳ್ಳಬೇಕು. ಅದೂ ಇರಲಿ, ಇದೂ ಇರಲಿ ಅನ್ನೋ ಹಾಗಿಲ್ಲ.

ಇದು ಎಷ್ಟು ಜನ ಮಾಜಿ ಸೈನಿಕರಿಗೆ ಗೊತ್ತು? ಊರಿನಲ್ಲಿ ಕಾರ್ಡು ಮಾಡಿಸೋ ಕ್ಯಾಂಪು ಬರುತ್ತೆ. ಪಕ್ಕದ ಮನೆಯವನು ಮಾಡಿಸಿದ ಅಂತ ಇವನೂ ಹೆಬ್ಬೆಟ್ಟು ಒತ್ತುತ್ತಾನೆ. ಸ್ವಾಮಿ, ಒಂದು ನಿಮಿಷ ಯೋಚನೆ ಮಾಡಿ. ಆಯುಷ್ಮಾನ್‌ನಲ್ಲಿ 5 ಲಕ್ಷದ ಮಿತಿ ಇದೆ, ನಿಮ್ಮ ಯೋಜನೆಯಲ್ಲಿ ಇಲ್ಲ. ಆಯುಷ್ಮಾನ್ ಇರೋದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದಾಗಿನ ಚಿಕಿತ್ಸೆಗೆ, ನಿಮ್ಮದರಲ್ಲಿ ತಿಂಗಳ ಮಾತ್ರೆಯೂ ಇದೆ. ಹಾಗಂತ ಹಳ್ಳಿಯ ಹತ್ತಿರದ ಆಸ್ಪತ್ರೆಯಲ್ಲಿ ಆಯುಷ್ಮಾನ್ ಮಾತ್ರ ನಡೆಯುತ್ತೆ, ಇಸಿಎಚ್ಎಸ್ ನಡೆಯೋದಿಲ್ಲ ಅನ್ನೋ ಪರಿಸ್ಥಿತಿಯೂ ಇದ್ದೀತು. ಯಾವುದು ಸರಿ ಅಂತ ಹೇಳೋಕೆ ನಾನು ಡಾಕ್ಟರಲ್ಲ. ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಪಾಲಿಕ್ಲಿನಿಕ್ಕಿನಲ್ಲಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಆಮೇಲೆ ತೀರ್ಮಾನ ಮಾಡಿ.

ಬೇರೆ ದೇಶದಲ್ಲಿ ಹೇಗಿದೆ? ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ದೊಡ್ಡ ಇಲಾಖೆ ಇದೆ. ತೊಂಬತ್ತು ಲಕ್ಷ ಜನ ಅದರ ಆರೋಗ್ಯ ಸೇವೆಯಲ್ಲಿ ನೋಂದಾಯಿಸಿಕೊಂಡಿದ್ದಾರೆ. ಸ್ವಂತ ಆಸ್ಪತ್ರೆಗಳು, ಸ್ವಂತ ಡಾಕ್ಟರುಗಳು. ಅಷ್ಟೊಂದು ದುಡ್ಡಿನ ದೇಶ, ಅಲ್ಲಿ ಎಲ್ಲಾ ಸರಿಯಿರಬೇಕಲ್ವಾ? 2014ರಲ್ಲಿ ಫೀನಿಕ್ಸ್ ನಗರದ ಹಗರಣ ಹೊರಬಂತು. ಮಾಜಿ ಸೈನಿಕರು ಡಾಕ್ಟರನ್ನ ನೋಡೋಕೆ ತಿಂಗಳುಗಟ್ಟಲೆ ಕಾಯ್ತಿದ್ದರು. ಕಾಗದದಲ್ಲಿ ಮಾತ್ರ ಬೇಗ ಸಿಕ್ಕಿದೆ ಅಂತ ಲೆಕ್ಕ ತೋರಿಸ್ತಿದ್ದರು. ನಿಜವಾದ ಪಟ್ಟಿಯನ್ನ ಬೇರೆ ಇಟ್ಟಿದ್ದರು. ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್‌ಸೆಕಿ ರಾಜೀನಾಮೆ ಕೊಡಬೇಕಾಯಿತು. ಅವರೂ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರೇ.

ಆದರೆ ಆಮೇಲೆ ಅವರು ಒಂದು ಕೆಲಸ ಮಾಡಿದರು. ಅದನ್ನ ನಾವು ಕಲೀಬೇಕು. 2018ರಲ್ಲಿ ಕಾನೂನು ತಂದು, ಮರುವರ್ಷ ಅಳತೆಗೋಲು ನಿಗದಿ ಮಾಡಿದರು. ಸಾಮಾನ್ಯ ಡಾಕ್ಟರ್ ಹತ್ತಿರ ಹೋಗೋಕೆ ಗಾಡಿಯಲ್ಲಿ ಸರಾಸರಿ 30 ನಿಮಿಷಕ್ಕಿಂತ ಹೆಚ್ಚು ಆಗುತ್ತಾ? ತಜ್ಞರ ಹತ್ತಿರ ಹೋಗೋಕೆ 60 ನಿಮಿಷಕ್ಕಿಂತ ಹೆಚ್ಚು ಆಗುತ್ತಾ? ಸಾಮಾನ್ಯ ಡಾಕ್ಟರಿಗೆ 20 ದಿನ, ತಜ್ಞರಿಗೆ 28 ದಿನಕ್ಕಿಂತ ಹೆಚ್ಚು ಕಾಯಬೇಕಾ? ಹಾಗಾದರೆ ನಿನಗೆ ಹತ್ತಿರದ ಖಾಸಗಿ ಡಾಕ್ಟರ್ ಹತ್ತಿರ ಹೋಗೋ ಅರ್ಹತೆ ಇದೆ, ಹಣ ಇಲಾಖೆ ಕೊಡುತ್ತೆ. ಅಲ್ಲಿ ಈಗಲೂ ಎಲ್ಲಾ ಸರಿಯಿದೆ ಅಂತಲ್ಲ. ಆದರೆ ಅಳತೆ ಇದೆ. ಅಳತೆ ಇದ್ದರೆ ತಪ್ಪಿದ್ದು ಗೊತ್ತಾಗುತ್ತೆ.

ಬ್ರಿಟನ್ನಿನದು ಇನ್ನೊಂದು ದಾರಿ. ಅವರು ಪ್ರತ್ಯೇಕ ಸೇನಾ ಆಸ್ಪತ್ರೆಗಳನ್ನೇ ಒಂದೊಂದಾಗಿ ಮುಚ್ಚಿದರು. ಹಾಸ್ಲರ್ ಅನ್ನೋ ಶತಮಾನಗಳ ಹಳೆಯ ನೌಕಾ ಆಸ್ಪತ್ರೆಯೂ 2009ರಲ್ಲಿ ಮುಚ್ಚಿತು. ಅಲ್ಲಿ ಮಾಜಿ ಸೈನಿಕನೂ ಎಲ್ಲರ ಹಾಗೆ ಎನ್ಎಚ್ಎಸ್ ಅನ್ನೋ ಸಾರ್ವಜನಿಕ ಆಸ್ಪತ್ರೆಗೇ ಹೋಗಬೇಕು. ಅಲ್ಲಿನ ಡಾಕ್ಟರಿಗೆ ಎದುರು ಕೂತವನು ಸೈನಿಕ ಅಂತ ಗೊತ್ತಾಗೋದು ಹೇಗೆ ಅನ್ನೋ ಪ್ರಶ್ನೆ ಎದ್ದಿತು. ಈಗ ಸೈನಿಕರಿಗೆ ಅನ್ಯಾಯವಾಗದ ಹಾಗೆ ನೋಡಿಕೊಳ್ಳೋ ಹೊಣೆಯನ್ನ ಕಾನೂನಿನಲ್ಲೇ ಆಸ್ಪತ್ರೆ ವ್ಯವಸ್ಥೆಯ ಮೇಲೆ ಹಾಕಿದ್ದಾರೆ.

ಮೂರು ದೇಶ, ಮೂರು ದಾರಿ. ಸ್ವಂತ ಆಸ್ಪತ್ರೆ ಕಟ್ಟಿದ ದೇಶದಲ್ಲೂ ಸೈನಿಕ ಕಾದ. ಎಲ್ಲರ ಆಸ್ಪತ್ರೆಗೆ ಕಳಿಸಿದ ದೇಶದಲ್ಲೂ ಕಾದ. ಎರಡನ್ನೂ ಬೆರೆಸಿದ ನಮ್ಮಲ್ಲೂ ಕಾಯ್ತಿದ್ದಾನೆ. ಎಲ್ಲಾ ಕಡೆ ಸೈನಿಕ ಕಷ್ಟಪಟ್ಟಿದ್ದು ಆಸ್ಪತ್ರೆಯ ಒಳಗಲ್ಲ. ಒಂದು ಬಾಗಿಲಿಗೂ ಇನ್ನೊಂದು ಬಾಗಿಲಿಗೂ ನಡುವೆ. ಅಲ್ಲಿ ಅವನ ಕೈ ಹಿಡಿಯೋರು ಯಾರೂ ಇಲ್ಲ.

ಈಗ ನನ್ನ ಮುಖ್ಯವಾದ ಪ್ರಶ್ನೆಗೆ ಬರ್ತೀನಿ. ಇದು ಕೇವಲ ಹಳಬರ ಕಥೆ ಅಂದ್ಕೋಬೇಡಿ.

2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ಸೇವೆ. ಆಮೇಲೆ ನೂರರಲ್ಲಿ 25 ಜನ ಮಾತ್ರ ಮುಂದುವರೀತಾರೆ, ಉಳಿದವರು ಸೇವಾ ನಿಧಿಯ ಹಣ ತಗೊಂಡು ಮನೆಗೆ. ಮೊದಲ ತಂಡದ ನಾಲ್ಕು ವರ್ಷ ಈ ವರ್ಷದ ಕೊನೆಯ ಹೊತ್ತಿಗೆ ಮುಗೀತಾ ಬರುತ್ತೆ. ಹೀಗೆ ಮನೆಗೆ ಬರೋ ಹುಡುಗರಿಗೆ ಪಿಂಚಣಿ ಇಲ್ಲ. ಮಾಜಿ ಸೈನಿಕ ಅನ್ನೋ ಸ್ಥಾನಮಾನವೂ ಇಲ್ಲ. ಇಸಿಎಚ್ಎಸ್ ಕೂಡ ಇಲ್ಲ. ಯೋಜನೆಯ ನಿಯಮದಲ್ಲೇ ಹಾಗೆ ಬರೆದಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಆದರೆ ಪರಿಹಾರದ ಹಣ ಇದೆ, ನಿಜ. ಆದರೆ ಸಿಯಾಚಿನ್ನಿನ ಚಳಿ ಮೈಯಲ್ಲಿ ಲೆಕ್ಕ ಬರೆಯೋದು ತಕ್ಷಣ ಅಲ್ಲ. ಮೂವತ್ತೈದಕ್ಕೆ ಮೊಣಕಾಲು ಹಿಡಿದರೆ? ನಲವತ್ತಕ್ಕೆ ರಾತ್ರಿ ನಿದ್ದೆ ಬಾರದೇ ಹೋದರೆ? ಆಗ ಅವನು ಯಾವ ಬಾಗಿಲು ತಟ್ಟಬೇಕು?

ಅಗ್ನಿಪಥ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ಇವತ್ತು ನಾನು ಹೋಗೋದಿಲ್ಲ. ಅದನ್ನ ಪರ-ವಿರೋಧ ಕೂರಿಸಿಕೊಂಡು ನಾಲ್ಕು ರಾತ್ರಿ ಕೂಗಾಡಬಹುದು. ನಾನು ಕೇಳ್ತಿರೋದು ಸಣ್ಣ ಪ್ರಶ್ನೆ. ವಂತಿಗೆ ಕಟ್ಟಿಸಿಕೊಂಡಾದರೂ ಸರಿ, ಇವರಿಗೆ ಆರೋಗ್ಯದ ಒಂದು ಕಾರ್ಡು ಕೊಡೋಕೆ ಆಗೋದಿಲ್ವಾ?

ಆಗೋದಿಲ್ಲ ಅನ್ನಬೇಡಿ. ಬಾಗಿಲು ತೆರೆದ ಉದಾಹರಣೆ ಇದೆ. ತರಬೇತಿಯಲ್ಲೇ ಗಾಯಗೊಂಡು ಹೊರಬಿದ್ದ ಅಧಿಕಾರಿ ಕೆಡೆಟ್‌ಗಳಿಗೆ ವರ್ಷಾನುಗಟ್ಟಲೆ ಏನೂ ಇರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡ ಮೇಲೆ ಅವರಿಗೂ ಇಸಿಎಚ್ಎಸ್ ಸಿಕ್ಕಿತು. ಅದಕ್ಕೂ ಮೊದಲು 2019ರಲ್ಲಿ ಕೇಂದ್ರ ಸಂಪುಟ, ಪಿಂಚಣಿ ಇಲ್ಲದ ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೆ ಬಾಗಿಲು ತೆರೆಯಿತು. ಅದೇ ಪಟ್ಟಿಯಲ್ಲಿ ಇನ್ನೂ ಯಾರಿದ್ದರು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಸೈನಿಕರು. ಯುದ್ಧ ಮುಗಿದಿದ್ದು 1945ರಲ್ಲಿ. ಕಾರ್ಡು ಬಂದಿದ್ದು 2019ರಲ್ಲಿ. 74 ವರ್ಷ! ಹದಿನೆಂಟರಲ್ಲಿ ಯುದ್ಧಕ್ಕೆ ಹೋದ ಹುಡುಗನಿಗೆ ಆಗ 92. ಎಷ್ಟು ಜನ ಬದುಕಿದ್ದರು ಆ ಕಾರ್ಡು ಕೈಗೆ ತಗೊಳ್ಳೋಕೆ?

ಅಗ್ನಿವೀರರನ್ನೂ ಅಷ್ಟು ವರ್ಷ ಕಾಯಿಸ್ತೀರಾ? ಮೊದಲ ತಂಡ ಮನೆಗೆ ಬರೋದರೊಳಗೆ ತೀರ್ಮಾನ ಮಾಡಿ. ಕೋರ್ಟು ಹೇಳಿದ ಮೇಲೆ ಕೊಡೋದಕ್ಕಿಂತ ಕೇಳೋದಕ್ಕೆ ಮೊದಲೇ ಕೊಟ್ಟರೆ ಗೌರವ.

ಇನ್ನು ಸರ್ಕಾರಕ್ಕೆ ನನ್ನ ಬೇಡಿಕೆ ಮೂರು. ಒಂದು, ಪ್ರತಿ ಪಾಲಿಕ್ಲಿನಿಕ್ಕಿಗೂ ದೂರ ಎಷ್ಟು, ಕಾಯೋದು ಎಷ್ಟು, ಔಷಧಿ ಎಷ್ಟು ದಿನ ಇರಲಿಲ್ಲ ಅನ್ನೋ ಲೆಕ್ಕವನ್ನ ಸಾರ್ವಜನಿಕವಾಗಿ ಹಾಕಿ. ಎರಡು, ಆಸ್ಪತ್ರೆಯ ಬಿಲ್ಲನ್ನ ಹೊತ್ತಿಗೆ ಸರಿಯಾಗಿ ಕೊಡಿ. ಕೊಟ್ಟ ಮೇಲೂ "ಬೆಡ್ ಇಲ್ಲ" ಅನ್ನೋ ಆಸ್ಪತ್ರೆಯನ್ನ ಪಟ್ಟಿಯಿಂದ ತೆಗೆಯಿರಿ. ಮೂರು, ತಾಲ್ಲೂಕು ಮಟ್ಟದಲ್ಲಿ ತುರ್ತು ಚಿಕಿತ್ಸೆಗೆ ಒಂದಾದರೂ ಆಸ್ಪತ್ರೆಯನ್ನ ಒಪ್ಪಂದದೊಳಗೆ ತನ್ನಿ. ಸೈನಿಕ ಹುಟ್ಟಿದ್ದು ಹಳ್ಳಿಯಲ್ಲಿ, ಸಾಯೋದೂ ಹಳ್ಳಿಯಲ್ಲಿ. ಯೋಜನೆ ಮಾತ್ರ ಪಟ್ಟಣದಲ್ಲಿ ಕೂತಿದ್ದರೆ ಹೇಗೆ?

ಈಗ ಕೊನೆಯ ಮಾತು. ಒಂದು ವರ್ಷ ತಡವಾದ ಮಾತು. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಕರೀರಿ. ಅವರ ಹೆಂಡತಿ, ಮಕ್ಕಳನ್ನೂ ಕರೀರಿ. ಯಾಕಂದ್ರೆ ಬಿದ್ದವನು ತಾನೇ ಓದಿಕೊಳ್ಳೋಕೆ ಆಗೋದಿಲ್ಲ.

ಎದೆನೋವು, ಲಕ್ವಾ, ಅಪಘಾತ, ಉಸಿರಾಟದ ತೊಂದರೆ, ಇಂಥ ತುರ್ತು ಸಂದರ್ಭದಲ್ಲಿ ರೆಫರಲ್ ಚೀಟಿ ಬೇಡ. ಪಾಲಿಕ್ಲಿನಿಕ್ಕಿಗೆ ಹೋಗಬೇಡಿ. ಸೀದಾ ಚಿಕಿತ್ಸೆ ಸಿಗೋ ಆಸ್ಪತ್ರೆಗೆ ಹೋಗಿ. ಅದು ಒಪ್ಪಂದದ ಆಸ್ಪತ್ರೆಯಾದರೆ ಕಾರ್ಡು ತೋರಿಸಿ, ಅವರು ಅಡ್ವಾನ್ಸ್ ಕೇಳೋ ಹಾಗಿಲ್ಲ. ಒಪ್ಪಂದ ಇಲ್ಲದ ಆಸ್ಪತ್ರೆಯಾದರೂ ತುರ್ತಿನಲ್ಲಿ ಹೋಗಬಹುದು. ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ವಿಷಯ ತಿಳಿಸಬೇಕು. ತುರ್ತು ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಅಸಲಿ ಬಿಲ್ಲುಗಳನ್ನ ಇಟ್ಟುಕೊಳ್ಳಿ. ಕಟ್ಟಿದ್ದೆಲ್ಲಾ ವಾಪಸ್ ಬರೋದಿಲ್ಲ, ಸರ್ಕಾರಿ ದರದಷ್ಟು ಮಾತ್ರ ಬರುತ್ತೆ. ಇದೂ ಗೊತ್ತಿರಲಿ. ಇಳಿವಯಸ್ಸಿನವರಿಗೆ ಮಾಮೂಲಿ ತಪಾಸಣೆಯಲ್ಲೂ ರೆಫರಲ್ ನಿಯಮ ಸಡಿಲಿಸಿದ್ದಾರೆ, ನಿಮಗೆ ಅನ್ವಯಿಸುತ್ತಾ ಅಂತ ವಿಚಾರಿಸಿ. ನಿಮ್ಮ ಪಾಲಿಕ್ಲಿನಿಕ್ಕಿನ ಫೋನ್ ನಂಬರನ್ನ, ಹತ್ತಿರದ ಒಪ್ಪಂದದ ಆಸ್ಪತ್ರೆಯ ಹೆಸರನ್ನ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಇವತ್ತೇ ಅಂಟಿಸಿ.

ಇವತ್ತು ಬೆಳಗ್ಗೆ ಆ ಹವಾಲ್ದಾರರಿಗೆ ಫೋನ್ ಮಾಡಿದ್ದೆ. ರಾತ್ರಿ ಟಿವಿ ನೋಡಿ, ನೀವು ಹೇಳಿದ್ದನ್ನ ಹೇಳ್ತಿದ್ದೀನಿ ಅಂದೆ. "ತಡಾ ಆತಲ್ರೀ ಸರ" ಅಂತ ಬೈತಾರೆ ಅಂದುಕೊಂಡಿದ್ದೆ. ಬೈಲಿಲ್ಲ. ಸಂಕ್ರಾಂತಿ ಅಲ್ವಾ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸುಡ್ತಿದ್ದರಂತೆ. ಮೂವತ್ತು ವರ್ಷ ಹೆಂಡತಿ ಸುಟ್ಟ ರೊಟ್ಟಿ ತಿಂದವರು ಈಗ ತಾವೇ ಸುಡೋದು ಕಲಿತಿದ್ದಾರೆ. "ಆಕಿ ಎಡಗೈಲೆ ತಿಂತಾಳ್ರಿ. ಉಪ್ಪು ಕಡಿಮಿ ಆದ್ರ ಕಣ್ಣಿಂದನ ಹೇಳ್ತಾಳ" ಅಂದರು.

ಫೋನ್ ಇಡೋ ಮುಂಚೆ ಮತ್ತೆ ಅದನ್ನೇ ಹೇಳಿದರು. "ಚೀಟಿ ಬ್ಯಾಡ ಅನ್ನೂದು ಎರಡು ಸಲಾ ಹೇಳ್ರಿ ಸರ. ಒಮ್ಮೆ ಹೇಳಿದ್ರ ಜನ ಮರೀತಾರ."

ಹೇಳ್ತೀನಿ. ತುರ್ತಿಗೆ ಚೀಟಿ ಬೇಡ. ಸೀದಾ ಆಸ್ಪತ್ರೆಗೆ ಹೋಗಿ.